ಬ್ಯಾಟರಿಯ ಕೊನೆಯ ಗೆರೆ

"ಈ ಚೀಲ ನನಗಿರಲಿ," ಎಂದರು ಅತ್ತೆ. ಕ್ಯಾಮೆರಾ ಇನ್ನೂ ಡಬ್ಬಿಯಿಂದ ಪೂರ್ತಿ ಹೊರಗೆ ಬಂದಿರಲಿಲ್ಲ.

ಮಗ ಊಟದ ಮೇಜಿನ ಮೇಲೆ ಡಬ್ಬಿ ಇಟ್ಟುಕೊಂಡು ಒಳಗಿನ ಸಾಮಾನುಗಳನ್ನು ಒಂದೊಂದಾಗಿ ತೆಗೆದು ಸಾಲಾಗಿ ಜೋಡಿಸುತ್ತಿದ್ದ. ಕಪ್ಪು ಬಟ್ಟೆಯ ಪುಟ್ಟ ಚೀಲ ಎಲ್ಲಕ್ಕಿಂತ ಮೇಲಿತ್ತು. ಅದರ ಕೆಳಗೆ ಬಿಸ್ಕತ್ತಿನಷ್ಟು ತೆಳ್ಳಗಿನ ಬ್ಯಾಟರಿ, ಅದನ್ನು ಕೂರಿಸುವ ಚಾರ್ಜರು, ಕಂಪ್ಯೂಟರಿಗೆ ಜೋಡಿಸುವ ವಯರು, ಮಣಿಕಟ್ಟಿಗೆ ಹಾಕಿಕೊಳ್ಳುವ ದಾರ, ಗಾಜು ಒರೆಸುವ ಮೆತ್ತನೆಯ ಬಟ್ಟೆ, ಅಂಗೈಯಗಲದ ಮೂರು ಕಾಲಿನ ಸ್ಟ್ಯಾಂಡು. ತಳದಲ್ಲಿ ದಪ್ಪನೆಯ ಪುಸ್ತಕವೊಂದಿತ್ತು; ಅದರಲ್ಲಿ ಲೋಕದ ಭಾಷೆಗಳೆಲ್ಲ ಇದ್ದವು, ಈ ಮನೆಯವರ ಭಾಷೆಯೊಂದನ್ನು ಬಿಟ್ಟು. ಇಷ್ಟೆಲ್ಲ ಪರಿವಾರದ ನಡುವೆ ಕ್ಯಾಮೆರಾ ಮಾತ್ರ ಸಾಬೂನಿನ ಬಿಲ್ಲೆಯ ಹಾಗೆ ಪುಟ್ಟದಾಗಿ, ಬೆಳ್ಳಗೆ ಹೊಳೆಯುತ್ತ ಕೂತಿತ್ತು.

"ಅಮ್ಮಾ, ಚೀಲ ಇರೋದೇ ಕ್ಯಾಮೆರಾ ಇಡೋಕೆ."

"ಅದಕ್ಕೆ ಬೇರೆ ಹೊಲಿದುಕೊಟ್ರೆ ಆಯ್ತಪ್ಪ. ಇದು ನನ್ನ ಕನ್ನಡಕಕ್ಕೆ ಹೇಳಿ ಮಾಡಿಸಿದ ಹಾಗಿದೆ. ಈ ಒರೆಸೋ ಬಟ್ಟೆನೂ ಅದಕ್ಕೇ ಸರಿ."

"ಹೀಗೇ ಬಿಟ್ರೆ ಕ್ಯಾಮೆರಾನೂ ನೀನೇ ಇಟ್ಕೊಂಡು ಬಿಡ್ತೀಯ."

"ಅದು ನನಗ್ಯಾಕೆ?" ಎಂದರು ಅತ್ತೆ. ನಗುನಗುತ್ತ ಶುರುವಾದ ಮಾತು ಅಲ್ಲಿಗೆ ನಿಂತಿತು. ಒಲೆಯ ಮುಂದಿದ್ದ ಸೊಸೆ ತಿರುಗಿ ನೋಡಲಿಲ್ಲ. ಕ್ಯಾಮೆರಾ ಯಾರಿಗಾಗಿ ಬಂದಿದೆ, ಎಲ್ಲಿಗೆ ಹೋಗಲಿಕ್ಕೆ ಬಂದಿದೆ ಎನ್ನುವುದು ಮೂವರಿಗೂ ಗೊತ್ತಿತ್ತು.

ಸೊಸೆ ಟವರ್ ಕ್ರೇನು ನಡೆಸುತ್ತಿದ್ದಳು. ಊರಿನಂಚಿನಲ್ಲಿ ಏಳುತ್ತಿದ್ದ ದೊಡ್ಡ ಕಟ್ಟಡದ ಪಕ್ಕ ನಿಂತ ಎರಡು ಕ್ರೇನುಗಳಲ್ಲಿ ಒಂದು ಅವಳದು. ಕೆಲಸದ ಜಾಗದಲ್ಲಿ ಅವಳನ್ನು ಎಲ್ಲರೂ "ಮೇಲಿನಕ್ಕ" ಎಂದೇ ಕರೆಯುತ್ತಿದ್ದರು, ಅವಳ ಮುಖವನ್ನೇ ನೋಡದ ಕೂಲಿಗಳೂ ಊಟದ ಹೊತ್ತಿಗೆ ಆಕಾಶದ ಕಡೆ ಕೈಬೀಸಿ "ಮೇಲಿನಕ್ಕಾ, ಇಳೀರಿ, ಹಸಿವಾಗಲ್ವಾ?" ಎಂದು ಕೂಗುತ್ತಿದ್ದರು. ಫೋನನ್ನು ಗೇಟಿನಲ್ಲೇ ಬಿಟ್ಟು ಹತ್ತಬೇಕು ಎಂಬುದು ಅಲ್ಲಿಯ ನಿಯಮ. ಆದರೆ ಕ್ರೇನಿನ ತೋಳಿನ ಬೋಲ್ಟು, ಉಕ್ಕಿನ ಹಗ್ಗದ ಎಳೆ, ಇವುಗಳ ಚಿತ್ರ ಆಗಾಗ ಬೇಕಾಗುತ್ತಿತ್ತು. "ಫೋನು ಬೇಡಮ್ಮ, ಅದು ರಿಂಗಾದ್ರೆ ನಿಮ್ಮ ಗಮನ ಅತ್ತ ಹೋಗುತ್ತೆ. ಒಂದು ಸಣ್ಣ ಕ್ಯಾಮೆರಾ ತಗೊಂಡು ಹೋಗಿ. ಮಷೀನು ನಿಂತಿದ್ದಾಗ ಮಾತ್ರ ತೆಗೀಬೇಕು," ಎಂದಿದ್ದರು ಸುರಕ್ಷತೆಯ ಅಧಿಕಾರಿ. ಅದಕ್ಕೇ ಗಂಡ ಇದನ್ನು ತಂದಿದ್ದ.

ಅತ್ತೆಗೆ ಎತ್ತರ ಎಂದರೆ ಆಗುತ್ತಿರಲಿಲ್ಲ. ಅವರ ಯಜಮಾನರು ಗಾರೆ ಕೆಲಸದ ಮೇಸ್ತ್ರಿ. ಮಗ ಇನ್ನೂ ಅಂಬೆಗಾಲಿಡುತ್ತಿದ್ದಾಗ, ಗೋಡೆಗೆ ಕಟ್ಟಿದ ಸಾರುವೆಯ ಹಲಗೆ ಜಾರಿ ಬಿದ್ದು ತೀರಿಕೊಂಡರು. ಅದೂ ಎಂಥ ಎತ್ತರವೂ ಅಲ್ಲ, ಎರಡೇ ಅಂತಸ್ತಿನ ಮನೆ. ಆಮೇಲೆ ಆಕೆ ಹೊಲಿಗೆ ಮಿಷನ್ನು ತುಳಿದು ಮಗನನ್ನು ಸಾಕಿದರು. ಬೀದಿಯಲ್ಲಿ ನಡೆಯುವಾಗ ನೆಲವನ್ನೇ ನೋಡುತ್ತ ನಡೆಯುತ್ತಿದ್ದರು. "ಏನಮ್ಮ, ಸೂಜಿ ಬೀಳಿಸಿಕೊಂಡಿರಾ?" ಎಂದು ನೆರೆಯವರು ತಮಾಷೆ ಮಾಡಿದರೆ, "ಹೂಂ, ಸಿಕ್ಕಿದ್ರೆ ಕೊಡಿ," ಎನ್ನುತ್ತಿದ್ದರೇ ಹೊರತು ತಲೆ ಎತ್ತುತ್ತಿರಲಿಲ್ಲ.

ಸೊಸೆ ಮದುವೆಯಾಗಿ ಬಂದಾಗ ಗೋದಾಮಿನಲ್ಲಿ ಸಾಮಾನು ಎತ್ತುವ ಗಾಡಿ ಓಡಿಸುತ್ತಿದ್ದಳು. ಆಮೇಲೆ ತರಬೇತಿ ಮುಗಿಸಿ ಕ್ರೇನಿಗೆ ಹೋಗುತ್ತೇನೆಂದಾಗ ಅತ್ತೆ ಜಗಳವಾಡಲಿಲ್ಲ, ಬೇಡವೆನ್ನಲಿಲ್ಲ. ಕೇಳುವುದನ್ನು ನಿಲ್ಲಿಸಿದರು, ಅಷ್ಟೆ. ಮುಂಚೆ ಕೆಲಸದಿಂದ ಬಂದ ಕೂಡಲೇ "ಇವತ್ತು ಹೇಗಿತ್ತೇ?" ಎನ್ನುತ್ತಿದ್ದವರು ಈಗ ಚಹಾದ ಲೋಟ ಮುಂದಿಟ್ಟು ಒಳಗೆ ಹೋಗುತ್ತಿದ್ದರು. ಬೆಳಗ್ಗೆ ಅವಳು ಹೊರಟಾಗ ಮಿಷನ್ನಿನ ಕಡೆ ಮುಖ ಮಾಡಿಕೊಂಡೇ "ಹೋಗಿ ಬಾ" ಎನ್ನುತ್ತಿದ್ದರು.

ಆದರೆ ಈ ದಿನ ಮೇಜಿನ ಮೇಲಿದ್ದ ದಾರವನ್ನು ಎರಡು ಬೆರಳುಗಳ ನಡುವೆ ಹಿಡಿದು ಎಳೆದು ನೋಡಿದರು.

"ಇದನ್ನೂ ದಾರ ಅಂತಾರಾ? ಬೊಂಬೆಗೆ ಕಟ್ಟೋ ಥರ ಇದೆ. ಕೈಜಾರಿ ಮೇಲಿಂದ ಬಿದ್ರೆ ಕೆಳಗಿರೋರ ತಲೆ ಏನಾಗಬೇಕು?"

ಕ್ಯಾಬಿನ್ನಿನಿಂದ ಒಂದು ತಿರುಪುಮೊಳೆ ಬಿದ್ದರೂ ಗುಂಡೇಟಿಗೆ ಸಮ ಎಂದು ಸೊಸೆಗೆ ಗೊತ್ತಿತ್ತು. ಅತ್ತೆಗೂ ಅದು ಹೊಳೆದಿದ್ದು ಅವಳಿಗೆ ಆಶ್ಚರ್ಯವಾಯಿತು. ಊಟವಾದ ಮೇಲೆ ಅತ್ತೆ ಮಿಷನ್ನಿನ ಮುಂದೆ ಕೂತು, ಹಳೆಯ ಚೀಲವೊಂದರ ಗಟ್ಟಿ ಪಟ್ಟಿಯನ್ನು ಬಿಚ್ಚಿ, ಎರಡೆರಡು ಹೊಲಿಗೆ ಹಾಕಿ, ಕತ್ತಿಗೆ ತೂಗುಹಾಕಿಕೊಳ್ಳುವ ಹಾಗೆ ಮಾಡಿ, ಅದಕ್ಕೆ ಕ್ಯಾಮೆರಾ ಪೋಣಿಸಿ ಕೊಟ್ಟರು. "ಎಳೆದು ನೋಡು," ಎಂದರು. ಸೊಸೆ ಎಳೆದು ನೋಡಿದಳು. ಆ ಪಟ್ಟಿಗೆ ಒಂದು ಕರುವನ್ನೇ ಕಟ್ಟಬಹುದಿತ್ತು.

ಮೊದಲ ದಿನ ಅವಳು ಬೋಲ್ಟುಗಳ ಚಿತ್ರ ತೆಗೆದಳು. ಅಧಿಕಾರಿ ಕೇಳಿದ್ದು ಅಷ್ಟೇ. ಆದರೆ ಕ್ಯಾಮೆರಾ ಕೈಯಲ್ಲಿದ್ದಾಗ ಕಣ್ಣಿಗೆ ಬೇರೆ ಬುದ್ಧಿ ಬರುತ್ತದೆ. ದಿನವೂ ನೋಡುತ್ತಿದ್ದುದನ್ನೇ ಅವಳು ಅಂದು ಹೊಸದಾಗಿ ನೋಡಿದಳು. ಕಾಲಡಿಯ ಗಾಜಿನಾಚೆ ಮನುಷ್ಯರು ಬರೀ ಹಳದಿ ಟೋಪಿಗಳಾಗಿ ಓಡಾಡುತ್ತಿದ್ದರು. ಮಹಡಿಗಳ ಮೇಲೆ ಒಣಹಾಕಿದ ಬಟ್ಟೆಗಳೆಲ್ಲ ಒಂದೇ ಗಾಳಿಗೆ ಒಂದೇ ಕಡೆಗೆ ಬಾಗುತ್ತಿದ್ದವು. ರಸ್ತೆಯಲ್ಲಿ ನಡೆಯುವವರಿಗೆ ನೇರ ಎನ್ನಿಸುವ ದಾರಿ ಇಲ್ಲಿಂದ ಬಿಲ್ಲಿನಂತೆ ಬಾಗಿತ್ತು. ಹದ್ದೊಂದು ಅವಳಿಗಿಂತ ಕೆಳಗೆ ತೇಲುತ್ತಿತ್ತು. ಅದರ ಬೆನ್ನು, ರೆಕ್ಕೆಯ ಮೇಲ್ಭಾಗದ ಕಂದು ಗರಿಗಳು, ಬಿಸಿಲಿಗೆ ಮಿಂಚಿದವು. ಹಕ್ಕಿಗೆ ಬೆನ್ನೂ ಇರುತ್ತದೆ ಎಂಬುದು ಎಷ್ಟು ಜನಕ್ಕೆ ಗೊತ್ತು ಎಂದುಕೊಂಡು ಅವಳು ಅದನ್ನೂ ತೆಗೆದಳು.

ಸಂಜೆ ಗಂಡ ಬಾಯಿ ತೆರೆದುಕೊಂಡೇ ನೋಡಿದ. "ನೀನು ದಿನಾ ಇದನ್ನೆಲ್ಲ ನೋಡ್ತೀಯಾ? ನಾನು ಬೇಕರಿಯ ಗೋಡೆ ನೋಡ್ಕೊಂಡು ಹಿಟ್ಟು ನಾದ್ತಾ ಇರ್ತೀನಲ್ಲೇ! ಅಮ್ಮಾ, ಬಾ ಇಲ್ಲಿ, ಹದ್ದಿನ ಬೆನ್ನು ನೋಡು."

"ಬೇಡಪ್ಪ. ಆ ಸಣ್ಣ ಪರದೆ ನೋಡಿದ್ರೆ ನನಗೆ ಕಣ್ಣು ನೋಯುತ್ತೆ," ಎಂದರು ಅತ್ತೆ, ಸಣ್ಣ ಸೂಜಿಯ ಕಣ್ಣಿಗೆ ದಾರ ಪೋಣಿಸುತ್ತ.

ಬ್ಯಾಟರಿಯ ತಕರಾರು ಶುರುವಾದದ್ದು ಆಮೇಲೆ. ಸಂಜೆ ಚಾರ್ಜ್ ಮಾಡಿಟ್ಟರೆ ಬೆಳಗ್ಗೆ ಮೂರು ಗೆರೆ ತೋರಿಸುತ್ತಿತ್ತು. ಮಧ್ಯಾಹ್ನ ಪಾಳಿ ಮುಗಿಸಿ ಇಳಿದಾಗ ಇನ್ನೂ ಎರಡು ಗೆರೆ ಇರುತ್ತಿತ್ತು. ಮನೆಗೆ ಬಂದು ಕಪಾಟಿನಲ್ಲಿಟ್ಟು, ನಸುಕಿನಲ್ಲೇ ಎದ್ದ ಆಯಾಸಕ್ಕೆ ಅವಳು ಒಂದು ನಿದ್ದೆ ತೆಗೆದು ಏಳುವಷ್ಟರಲ್ಲಿ ಒಂದೇ ಗೆರೆ, ಅದೂ ಮಿಟುಕುತ್ತಿರುತ್ತಿತ್ತು. ಗಂಡ ಡಬ್ಬಿಯನ್ನು ಹುಡುಕಿ ತಂದು ಅದರ ಮೇಲಿನ ಅಕ್ಷರಗಳ ಮೇಲೆ ಬೆರಳು ಕುಟ್ಟಿದ.

"ಒಂದು ಸಲ ಚಾರ್ಜ್ ಮಾಡಿದ್ರೆ ನೂರಾರು ಚಿತ್ರ ಅಂತ ಬರ್ಕೊಂಡಿದ್ದಾರೆ. ಇದು ಕಪಾಟಿನಲ್ಲಿ ಸುಮ್ಮನೆ ಕೂತು ಸುಸ್ತಾಗುತ್ತಲ್ಲ! ಅಂಗಡಿಯವನು ನಮಗೆ ಚೆನ್ನಾಗಿ ಟೋಪಿ ಹಾಕಿದ್ದಾನೆ."

ಇಬ್ಬರೂ ಅಂಗಡಿಗೆ ಹೋದರು. ಅಂಗಡಿಯವನು ದುಂಡಗಿನ ಮನುಷ್ಯ, ಯಾವ ಗಿರಾಕಿಯ ಸಿಟ್ಟಿಗೂ ಜಗ್ಗದವನು. ಬ್ಯಾಟರಿಯನ್ನು ತನ್ನ ಯಂತ್ರಕ್ಕೆ ಹಾಕಿ ನೋಡಿ, ತುಟಿ ಉಬ್ಬಿಸಿ, "ಕಲ್ಲುಗುಂಡಿನ ಹಾಗಿದೆ," ಎಂದ. "ತೆಗೆಯೋದಕ್ಕಿಂತ ನೋಡೋದು ಜಾಸ್ತಿಯಾದ್ರೆ ಹೀಗಾಗುತ್ತೆ ಸಾರ್. ಹಿಂದೆ ಈ ಪರದೆ ಇದೆಯಲ್ಲ, ಬ್ಯಾಟರಿ ತಿನ್ನೋದು ಇದೇ. ಮನೇಲಿ ಮಕ್ಕಳಿದಾರಾ?"

"ಇಲ್ಲ."

"ಹಾಗಾದ್ರೆ ಯಾರೋ ದೊಡ್ಡೋರೇ ನೋಡ್ತಿದಾರೆ."

"ಇನ್ನೊಂದು ಬ್ಯಾಟರಿ ಜೊತೆಗೇ ಕೊಡಬಾರದಿತ್ತೇನ್ರಿ?" ಎಂದು ಗಂಡ ರೇಗಿದ. " ಸ್ಟ್ಯಾಂಡು ಕೊಟ್ಟಿದೀರಿ, ಚೀಲ ಕೊಟ್ಟಿದೀರಿ, ಬೇಕಾಗಿದ್ದು ಬಿಟ್ಟು ಬೇರೆಲ್ಲ ಕೊಟ್ಟಿದೀರಿ."

"ಅದನ್ನೂ ಕೊಟ್ಟುಬಿಟ್ರೆ ನೀವು ಮತ್ತೆ ನಮ್ಮ ಅಂಗಡಿ ಕಡೆ ಬರ್ತೀರಾ?" ಎಂದು ಅವನು ಹೊಟ್ಟೆ ಕುಲುಕಿಸಿ ನಕ್ಕ. ಆಮೇಲೆ ಸೊಸೆಯ ಕೆಲಸ ಏನೆಂದು ಕೇಳಿ ತಿಳಿದು, ನಗು ನಿಲ್ಲಿಸಿ, ಒಂದು ಗಳಿಗೆ ಅವಳನ್ನೇ ನೋಡಿದ. "ಅಷ್ಟು ಮೇಲೆ ಚಳಿ ಇರುತ್ತಲ್ಲಮ್ಮ. ಚಳಿಗೆ ಇದು ಸತ್ತ ಹಾಗೆ ನಟಿಸುತ್ತೆ, ನಂಬಬೇಡಿ. ಹೊರಗೆ ತೆಗೆದು ಕಂಕುಳಲ್ಲಿ ಇಟ್ಕೊಳ್ಳಿ. ಬೆಚ್ಚಗಾದ್ರೆ ಇನ್ನೊಂದೆರಡು ಚಿತ್ರಕ್ಕೆ ಎದ್ದು ಕೂರುತ್ತೆ."

ದಾರಿಯುದ್ದಕ್ಕೂ ಗಂಡ ಅಂಗಡಿಯವನನ್ನು ಬೈಯುತ್ತ ಬಂದ.

ಮರುದಿನ ಮಧ್ಯಾಹ್ನ ಅವಳು ಎಂದಿನಂತೆ ಮಲಗಿದಳು, ನಿದ್ದೆ ಮಾತ್ರ ಮಾಡಲಿಲ್ಲ. ಹೊರಗೆ ಹೊಲಿಗೆ ಮಿಷನ್ನಿನ ಸದ್ದು ಒಂದಷ್ಟು ಹೊತ್ತು ಓಡಿ ನಿಂತಿತು. ಕಪಾಟಿನ ಬಾಗಿಲು ಕಿರುಗುಟ್ಟಿತು. ಆಮೇಲೆ ಕ್ಯಾಮೆರಾ ಬಾಯಿ ತೆರೆಯುವಾಗ ಬರುವ ಸಣ್ಣ ಝೊಂಯ್ ಸದ್ದು. ಅವಳು ಎದ್ದು ಬರಿಗಾಲಲ್ಲಿ ಬಾಗಿಲ ಮರೆಗೆ ಬಂದಳು.

ಅತ್ತೆ ಆ ಮೂರು ಕಾಲಿನ ಪುಟ್ಟ ಸ್ಟ್ಯಾಂಡನ್ನು ಮಿಷನ್ನಿನ ಹಾಸಿನ ಮೇಲೆ ನಿಲ್ಲಿಸಿ ಅದಕ್ಕೆ ಕ್ಯಾಮೆರಾ ಕೂರಿಸಿದ್ದರು. ಅದು ಅಷ್ಟು ದಿನ ಯಾರ ಉಪಯೋಗಕ್ಕೂ ಬಾರದೆ ಬಿದ್ದಿದ್ದ ವಸ್ತು. ಕನ್ನಡಕವನ್ನು ಹಣೆಗೇರಿಸಿ, ಮೂಗು ಪರದೆಗೆ ತಾಗುವಷ್ಟು ಬಗ್ಗಿ, ಸೂಜಿ ಚುಚ್ಚಿ ಚುಚ್ಚಿ ಗಟ್ಟಿಯಾದ ತೋರುಬೆರಳಿನಿಂದ ಗುಂಡಿ ಒತ್ತುತ್ತಿದ್ದರು. ಒಂದೊಂದು ಚಿತ್ರದ ಮುಂದೆಯೂ ಬಹಳ ಹೊತ್ತು. ಮಹಡಿಗಳು. ಬಿಲ್ಲಿನಂತಹ ರಸ್ತೆ. ಹದ್ದಿನ ಬೆನ್ನು ಬಂದಾಗ "ಅಯ್ಯೋ ನಿನ್ನ," ಎಂದು ಮೆಲ್ಲಗೆ ನಕ್ಕರು. ಕಟ್ಟಡದ ಹೊರಗೋಡೆಗೆ ಗಾರೆ ಮೆತ್ತುತ್ತಿದ್ದ ಒಬ್ಬನ ಚಿತ್ರ ಬಂದಾಗ ನಗಲಿಲ್ಲ. ಪರದೆಯ ಮೇಲೆ ಉಗುರಿಟ್ಟು, ಆ ಮನುಷ್ಯ ನಿಂತ ಹಲಗೆಯ ಉದ್ದಕ್ಕೂ ಎಳೆದರು, ಅದು ಎಲ್ಲಿಗೆ ಮುಗಿಯುತ್ತದೆ ಎಂದು ನೋಡುವಂತೆ.

ಸೊಸೆ ಬಂದ ಹಾಗೇ ಹಿಂದಕ್ಕೆ ಹೋಗಿ ಮಲಗಿದಳು. ಗಂಡನಿಗೆ ಹೇಳಲಿಲ್ಲ. ಅತ್ತೆಗೆ ಗೊತ್ತಾಗುವಂತೆ ನಡೆದುಕೊಳ್ಳಲೂ ಇಲ್ಲ. ಆದರೆ ಅಂದಿನಿಂದ ಅವಳು ಚಿತ್ರ ತೆಗೆಯುವ ರೀತಿ ಬದಲಾಯಿತು. ಕೆಲಸದ ನಡುವೆ ಕೊಕ್ಕೆಗೆ ಸರಕು ಕಟ್ಟುವಷ್ಟು ಬಿಡುವು ಸಿಕ್ಕರೂ, ಇದು ಅತ್ತೆಗೆ ಹಿಡಿಸೀತೇ ಎಂದು ಯೋಚಿಸುವಳು. ಮೋಡದ ನೆರಳು ಒಂದು ಬೀದಿಯನ್ನು ನುಂಗಿ ಇನ್ನೊಂದನ್ನು ಉಗುಳುವುದನ್ನು ತೆಗೆದಳು. ದೂರದಲ್ಲಿ ಮಳೆ ಒಂದು ಕಂಬದ ಹಾಗೆ ನಿಂತು ನಡೆದುಹೋಗುವುದನ್ನು ತೆಗೆದಳು. ಮಧ್ಯಾಹ್ನ ಕ್ಯಾಮೆರಾವನ್ನು ಕಪಾಟಿನಲ್ಲಿಟ್ಟು, ಬೇಕೆಂದೇ ಜೋರಾಗಿ ಆಕಳಿಸಿ ಒಳಗೆ ಹೋಗುವಳು. ಸಂಜೆ ಎದ್ದು ನೋಡಿದರೆ ಪರದೆಯ ಮೇಲೆ ಒಂದು ಬೆರಳಚ್ಚೂ ಇರುತ್ತಿರಲಿಲ್ಲ; ಕನ್ನಡಕದ ಬಟ್ಟೆಯಲ್ಲಿ ಒರೆಸಿ ಫಳಫಳ ಮಾಡಿರುತ್ತಿದ್ದರು. ಅವಳು ಬ್ಯಾಟರಿಯನ್ನು ಮತ್ತೆ ಚಾರ್ಜಿಗೆ ಹಾಕುವಳು.

ಒಂದು ಸಂಜೆ ಮಾತ್ರ ಅದು ತಪ್ಪಿತು. ಚಾರ್ಜರು ಸಿಕ್ಕಿಸುವ ಪ್ಲಗ್ಗಿಗೆ ಗಂಡ ಇಸ್ತ್ರಿಪೆಟ್ಟಿಗೆ ಸಿಕ್ಕಿಸಿದ್ದ. ಆಮೇಲೆ ಹಾಕಿದರಾಯಿತು ಎಂದುಕೊಂಡವಳು ಮರೆತೇಬಿಟ್ಟಳು.

ಮರುದಿನ ಬೆಳಗ್ಗೆ ಬಾಗಿಲು ತೆರೆದರೆ ಬೀದಿಯೇ ಇರಲಿಲ್ಲ. ಬೆಳ್ಳನೆಯ ಮಂಜು ಮೆಟ್ಟಿಲಿನವರೆಗೂ ಬಂದು ನಿಂತಿತ್ತು. ಕೆಲಸದ ಜಾಗದಲ್ಲಿ ಜನ ಒಬ್ಬರನ್ನೊಬ್ಬರು ಕೆಮ್ಮಿನಿಂದ ಗುರುತು ಹಿಡಿಯುತ್ತಿದ್ದರು. ಅವಳು ಏಣಿ ಹತ್ತತೊಡಗಿದಳು. ಕೈ ಹಿಡಿದ ಕಂಬಿ, ಅದರ ಮೇಲಿನ ಕಂಬಿ, ಅದರಾಚೆ ಹತ್ತಿಯಂಥ ಬಿಳುಪು. ಕಬ್ಬಿಣ ಕೊರೆಯುತ್ತಿತ್ತು, ಉಸಿರು ಶಾಲಿನ ಅಂಚಿನಲ್ಲಿ ಹನಿಯಾಗುತ್ತಿತ್ತು. ಎಷ್ಟು ಹತ್ತಿದೆ, ಎಷ್ಟು ಉಳಿದಿದೆ ಎಂಬುದೇ ತಿಳಿಯದಂತೆ ಹತ್ತುತ್ತಿದ್ದಾಗ, ತಲೆಯ ಮೇಲಿನ ಬಿಳುಪು ಮೊದಲು ಹಾಲಿನಂತಾಯಿತು, ಆಮೇಲೆ ಬೆಣ್ಣೆಯಂತಾಯಿತು, ಆಮೇಲೆ ಹರಿದುಹೋಯಿತು. ನೀರಿನಿಂದ ತಲೆ ಎತ್ತುವ ಈಜುಗಾರಳಂತೆ ಅವಳು ಮಂಜಿನಿಂದ ಹೊರಬಂದಳು.

ಊರು ಇಲ್ಲವಾಗಿತ್ತು. ಮಹಡಿಗಳಿಲ್ಲ, ರಸ್ತೆಗಳಿಲ್ಲ, ಕಟ್ಟುತ್ತಿದ್ದ ಕಟ್ಟಡವೂ ಇಲ್ಲ. ಕಣ್ಣು ಹಾಯುವವರೆಗೆ ಮಂಜಿನ ಬಯಲು, ನಿಧಾನವಾಗಿ ಉಸಿರಾಡುತ್ತಿರುವ ಹಾಗೆ ಅಲ್ಲಲ್ಲಿ ಏರಿ ಇಳಿಯುತ್ತಿತ್ತು. ಅದರ ಮೇಲೆ ಎರಡೇ ಎರಡು ವಸ್ತುಗಳಿದ್ದವು: ಅವಳ ಕ್ರೇನು, ಆಚೆಯ ಕ್ರೇನು. ಒಂದೂ ಸದ್ದಿಲ್ಲ. ಅವಳು ಕ್ಯಾಬಿನ್ನಿನ ಬಾಗಿಲಲ್ಲಿ ನಿಂತೇ ಇದ್ದಳು, ಕೂರುವುದನ್ನು ಮರೆತು.

ವಾಕಿಟಾಕಿ ಗೊರಗೊರ ಎಂದಿತು. "ಮೇಲಿನಕ್ಕಾ, ಇಲ್ಲಿ ನನ್ನ ಕೈ ನನಗೇ ಕಾಣ್ತಿಲ್ಲ. ಮಂಜು ಸರಿಯೋವರೆಗೂ ಏನೂ ಎತ್ತಬೇಡಿ. ಸುಮ್ಮನೆ ಕೂತಿರಿ," ಎಂದ ಕೆಳಗೆ ನಿಂತು ಸನ್ನೆ ಹೇಳುವವನು.

ಅಷ್ಟರಲ್ಲಿ ಅವಳ ಬೆನ್ನ ಹಿಂದೆ ಸೂರ್ಯ ಎದ್ದ. ಮಂಜಿನ ಬಯಲು ಒಮ್ಮೆಲೇ ಹೊಂಬಣ್ಣಕ್ಕೆ ತಿರುಗಿತು. ಅದರ ಮೇಲೆ, ಅವಳ ಮುಂದೆ ಬಹಳ ದೂರದವರೆಗೆ, ಕ್ರೇನಿನ ನೆರಳು ಬಿತ್ತು. ಗೋಪುರದ ಜಾಲರಿ, ಉದ್ದನೆಯ ತೋಳು, ಪೆಟ್ಟಿಗೆಯಂಥ ಕ್ಯಾಬಿನ್ನು, ಅದರ ಬಾಗಿಲಲ್ಲಿ ನಿಂತ ಒಂದು ಪುಟ್ಟ ಆಕೃತಿ. ಆ ಆಕೃತಿಯ ತಲೆಯ ಸುತ್ತ ಬಣ್ಣಗಳು ಮೂಡಿದವು. ಮೊದಲು ಏನೋ ಕಣ್ಣಿನ ಭ್ರಮೆ ಎಂಬಷ್ಟು ತೆಳ್ಳಗೆ, ಆಮೇಲೆ ಸ್ಪಷ್ಟವಾಗಿ: ಒಳಗೆ ನೀಲಿ, ನಡುವೆ ಹಸಿರು ಹಳದಿ, ಹೊರಗೆ ಕೆಂಪು. ಬಳೆಯ ಹಾಗೆ ಗುಂಡಗೆ, ಎಲ್ಲಿಯೂ ತುಂಡಾಗದೆ.

ಅವಳು ಕೈ ಎತ್ತಿದಳು. ದೂರದ ಆಕೃತಿಯೂ ಕೈ ಎತ್ತಿತು. ತಲೆಯನ್ನು ಬಲಕ್ಕೆ ವಾಲಿಸಿದಳು. ಬಳೆಯೂ ಜೊತೆಗೆ ಸರಿಯಿತು.

"ಅಕ್ಕಾ," ಎಂದಿತು ವಾಕಿಟಾಕಿ, ಪಿಸುದನಿಯಲ್ಲಿ. ಆಚೆಯ ಕ್ರೇನಿನವನ ದನಿ ಅದು; ಉದ್ದ ಕತ್ತಿನ ಅವನನ್ನು ಎಲ್ಲರೂ ಕೊಕ್ಕರೆ ಎನ್ನುತ್ತಿದ್ದರು. "ಅಕ್ಕಾ, ನೋಡ್ತಿದೀರಾ? ನನ್ನ ತಲೆ ಸುತ್ತ ಏನೋ ಬಂದಿದೆ."

"ನಿನ್ನ ತಲೆ ಸುತ್ತ ಅಲ್ಲ ಕಣೋ, ನನ್ನ ತಲೆ ಸುತ್ತ."

"ಇಲ್ಲಕ್ಕ, ನಾನೇ ನೋಡ್ತಿದೀನಲ್ಲ. ನಿಮ್ಮ ನೆರಳು ಬೋಳಾಗಿದೆ. ಬಣ್ಣ ಇರೋದು ನನಗೆ."

"ನಿನ್ನದೇ ಬೋಳು!" ಎಂದಳು ಅವಳು. ತಾವಿಬ್ಬರೂ ಸುಳ್ಳು ಹೇಳುತ್ತಿಲ್ಲ ಎಂಬುದು ಇಬ್ಬರಿಗೂ ಏಕಕಾಲಕ್ಕೆ ಹೊಳೆಯಿತು. ವಾಕಿಟಾಕಿಯಲ್ಲಿ ಕೊಕ್ಕರೆ ಮೂಗು ಸೇದಿದ ಸದ್ದು ಕೇಳಿಸಿತು.

ಆಗ ಅವಳಿಗೆ ಕತ್ತಿನಲ್ಲಿದ್ದ ಕ್ಯಾಮೆರಾ ನೆನಪಾಯಿತು. ಗುಂಡಿ ಒತ್ತಿದಳು. ಝೊಂಯ್ ಎಂದು ಬಾಯಿ ತೆರೆಯಿತು. ಪರದೆಯ ಮೂಲೆಯಲ್ಲಿ ಒಂದೇ ಗೆರೆ, ಕೆಂಪಗೆ ಎರಡು ಸಲ ಮಿಟುಕಿತು; ಕ್ಯಾಮೆರಾ ಬಾಯಿ ಮುಚ್ಚಿಕೊಂಡಿತು. ಮತ್ತೆ ಒತ್ತಿದಳು. ಅಲ್ಲಾಡಲಿಲ್ಲ. ಇಸ್ತ್ರಿಪೆಟ್ಟಿಗೆ ಕಣ್ಣೆದುರು ಬಂತು.

ಕೈಗವಸನ್ನು ಹಲ್ಲಿನಿಂದ ಎಳೆದು, ಮರಗಟ್ಟಿದ ಬೆರಳುಗಳಿಂದ ಬ್ಯಾಟರಿಯನ್ನು ಹೊರತೆಗೆದಳು. ಅದು ಮಂಜುಗಡ್ಡೆಯ ಚೂರಿನಂತಿತ್ತು. ಶಾಲು, ಸ್ವೆಟರು, ಅಂಗಿ ಎಲ್ಲವನ್ನೂ ಸರಿಸಿ ಕಂಕುಳಲ್ಲಿಟ್ಟು ತೋಳನ್ನು ಒತ್ತಿ ಹಿಡಿದಳು. ಮೈ ಜುಮ್ಮೆಂದಿತು. ಹಾಗೇ, ಒಂದು ರೆಕ್ಕೆ ಮುರಿದ ಹಕ್ಕಿಯ ಹಾಗೆ ನಿಂತು, ಬಳೆಯನ್ನೇ ನೋಡುತ್ತ ಕಾದಳು. ಮಂಜಿನ ಮೇಲ್ಮೈ ಅಲ್ಲಲ್ಲಿ ಕದಡತೊಡಗಿತ್ತು. ದೂರದಲ್ಲಿ ಯಾವುದೋ ಕಟ್ಟಡದ ನೆತ್ತಿ ಕಪ್ಪಗೆ ತೂರಿಬಂತು. "ಇರು, ಇರು, ಇನ್ನು ಸ್ವಲ್ಪ ಇರು," ಎಂದು ಅವಳು ಗಟ್ಟಿಯಾಗಿಯೇ ಹೇಳಿದಳು, ಬಳೆಗೋ ಬ್ಯಾಟರಿಗೋ.

ತಡೆಯಲಾರದೆ ಹೊರತೆಗೆದು ಒಳಗೆ ತಳ್ಳಿದಳು. ಬಾಯಿ ತೆರೆಯಿತು. ಉಸಿರು ಬಿಗಿಹಿಡಿದು ಒತ್ತಿದಳು. ಒಂದು. ಮತ್ತೊಮ್ಮೆ ಒತ್ತಿದಳು. ಎರಡು. ಮೂರನೆಯದಕ್ಕೆ ಕ್ಯಾಮೆರಾ ಮತ್ತೆ ಬಾಯಿ ಮುಚ್ಚಿಕೊಂಡುಬಿಟ್ಟಿತು. ಅವಳು ಅದನ್ನು ಎದೆಗವಚಿಕೊಂಡು ಕುರ್ಚಿಯಲ್ಲಿ ಕುಸಿದು, ಬಳೆ ತೆಳುವಾಗಿ, ಇನ್ನೂ ತೆಳುವಾಗಿ, ಎಲ್ಲಿ ಮುಗಿಯಿತೆಂದು ಹೇಳಲಾಗದಂತೆ ಕರಗುವವರೆಗೂ ನೋಡಿದಳು. ಅದರ ಜಾಗದಲ್ಲಿ ಒಂದು ಟೆರೇಸು, ಅದರ ಮೇಲೆ ಒದ್ದೆ ಬಟ್ಟೆ ಒಣಹಾಕುತ್ತಿದ್ದ ಒಬ್ಬ ಹೆಂಗಸು ಕಂಡಳು.

ಅಂದು ಮಧ್ಯಾಹ್ನ ಮನೆಗೆ ಬಂದು ಕ್ಯಾಮೆರಾವನ್ನು ಎಂದಿನ ಜಾಗದಲ್ಲಿಟ್ಟಳು. ಚಾರ್ಜರು ಪಕ್ಕದಲ್ಲೇ ಇತ್ತು. ಕೈ ಅದರ ಕಡೆ ಹೋಯಿತು, ಹಿಂದಕ್ಕೆ ಬಂತು. ಯಾಕೆ ಎಂದು ಕೇಳಿದ್ದರೆ ಅವಳಿಗೂ ಹೇಳಲಾಗುತ್ತಿರಲಿಲ್ಲ. ಆಕಳಿಸಿ ಒಳಗೆ ಹೋಗಿ ಗೋಡೆಯ ಕಡೆ ತಿರುಗಿ ಮಲಗಿದಳು.

ಮಿಷನ್ನು ನಿಂತಿತು. ಕಪಾಟು ಕಿರುಗುಟ್ಟಿತು. ಗುಂಡಿ ಒತ್ತುವ ಸಣ್ಣ ಸದ್ದು ಒಮ್ಮೆ, ಇನ್ನೊಮ್ಮೆ, ಆಮೇಲೆ ಹಠ ಹಿಡಿದಂತೆ ಮತ್ತೆ ಮತ್ತೆ. ಕೊನೆಗೆ ಕಾಲ ಸಪ್ಪಳ ಬಾಗಿಲವರೆಗೆ ಬಂದು ನಿಂತಿತು.

"ಏಳೇ," ಎಂದರು ಅತ್ತೆ. "ಇದು ಬಾಯಿ ಬಿಡ್ತಾ ಇಲ್ಲ."

ಸೊಸೆ ಎದ್ದು ಕೂತಳು. ಅತ್ತೆ ಕ್ಯಾಮೆರಾವನ್ನು ಎರಡೂ ಕೈಯಲ್ಲಿ ಹಿಡಿದು, ಏನನ್ನೋ ಒಡೆದುಹಾಕಿದವರ ಹಾಗೆ ನಿಂತಿದ್ದರು. "ನಾನೇನೂ ಮಾಡಿಲ್ಲ. ಬರೀ ನೋಡಿದ್ದು."

"ಬ್ಯಾಟರಿ ಮುಗಿದಿದೆ ಅತ್ತೆ. ಬನ್ನಿ, ಚಾರ್ಜಿಗೆ ಹಾಕೋಣ."

ಇಬ್ಬರೂ ಹೊಲಿಗೆ ಕೋಣೆಯ ನೆಲದ ಮೇಲೆ, ಚಾರ್ಜರಿನ ಮುಂದೆ ಕೂತರು. ಅದರ ಪುಟ್ಟ ಕೆಂಪು ದೀಪವನ್ನು ಅತ್ತೆ ಹಾಲು ಉಕ್ಕುವುದನ್ನು ಕಾಯುವವರಂತೆ ನೋಡುತ್ತಿದ್ದರು.

"ಬರೀ ನೋಡೋಕೂ ಬ್ಯಾಟರಿ ಖರ್ಚಾಗುತ್ತಾ?"

"ತೆಗೆಯೋದಕ್ಕಿಂತ ಜಾಸ್ತಿ ಆಗುತ್ತೆ."

"ಅಯ್ಯೋ. ನಾನು ತೆಗೆಯೋಕೆ ಮಾತ್ರ ಅಂದ್ಕೊಂಡಿದ್ದೆ." ದೀಪದಿಂದ ಕಣ್ಣು ತೆಗೆಯದೆಯೇ ಕೇಳಿದರು, "ನಿನಗೆ ಮೊದಲೇ ಗೊತ್ತಿತ್ತಾ?"

"ಹೂಂ."

"ಅದಕ್ಕೇ ಅಷ್ಟು ಜೋರಾಗಿ ಆಕಳಿಸ್ತಿದ್ದ್ಯಾ?"

ಸೊಸೆಗೆ ನಗು ತಡೆಯಲಾಗಲಿಲ್ಲ. ಅತ್ತೆಯೂ ಶಾಲಿನ ತುದಿಯನ್ನು ಬಾಯಿಗೆ ಒತ್ತಿಕೊಂಡರು. ನಗು ಇಳಿದ ಮೇಲೆ ಸೊಸೆ ಬ್ಯಾಟರಿಯನ್ನು ತೆಗೆದು ಕ್ಯಾಮೆರಾಕ್ಕೆ ಹಾಕಿದಳು. "ಒಂದು ಚಿತ್ರಕ್ಕೆ ಇಷ್ಟು ಸಾಕು. ಇವತ್ತಿನದು ಇದೊಂದು ನೋಡಿ."

ಅತ್ತೆ ಕನ್ನಡಕ ಹಣೆಗೇರಿಸಿ ಬಗ್ಗಿದರು. ನೋಡಿದರು. ಉಸಿರಾಡುವುದನ್ನೇ ಬಿಟ್ಟರೇನೋ ಎಂದು ಸೊಸೆಗೆ ಗಾಬರಿಯಾಯಿತು.

"ಇದು ಯಾರು?"

"ನಾನೇ. ಮಂಜಿನ ಮೇಲೆ ಬಿದ್ದ ನನ್ನ ನೆರಳು."

"ಈ ಬಣ್ಣ?"

"ಏನೋ ಗೊತ್ತಿಲ್ಲ ಅತ್ತೆ. ತಾನಾಗೇ ಬಂತು, ತಾನಾಗೇ ಹೋಯ್ತು. ತಲೆ ಅಲ್ಲಾಡಿಸಿದ್ರೆ ಅದೂ ಅಲ್ಲಾಡ್ತಿತ್ತು. ಆಚೆ ಕ್ರೇನಿನವನಿಗೆ ಅವನ ತಲೆ ಸುತ್ತ ಕಂಡಿತಂತೆ, ನನಗೆ ನನ್ನ ತಲೆ ಸುತ್ತ. ಜಗಳವೇ ಆಯ್ತು."

ಅತ್ತೆ ಕ್ಯಾಮೆರಾವನ್ನು ಮಡಿಲಿಗಿಳಿಸಿದರು. ಅವರ ದನಿ ಬದಲಾಗಿತ್ತು.

"ನಿನ್ನ ಮಾವನೂ ಜಗಳ ಆಡಿದ್ರು. ಎತ್ತರದ ನೀರಿನ ಟ್ಯಾಂಕಿಗೆ ಗಾರೆ ಹಾಕ್ತಾ ಇದ್ದಾಗ, ಹೀಗೇ ಒಂದು ಮಂಜಿನ ದಿನ. ಜೊತೆಗಿದ್ದ ಮೇಸ್ತ್ರಿ ತನ್ನ ತಲೆ ಸುತ್ತ ಅಂದ, ಇವರು ನನ್ನ ತಲೆ ಸುತ್ತ ಅಂದ್ರು, ಸಾರುವೆ ಮೇಲೇ ಕೈ ಕೈ ಮಿಲಾಯಿಸೋದೊಂದು ಬಾಕಿ. ಮನೆಗೆ ಬಂದು ಹೇಳಿದ್ರು. ನನಗೆ ಅವರು ಮೇಲೆ ಹತ್ತೋದು ಅಂದ್ರೆ ಜೀವ ಕೈಯಲ್ಲಿ ಹಿಡ್ಕೊಂಡ ಹಾಗೆ. ನನ್ನ ಹೆದರಿಕೆ ಬಿಡಿಸೋಕೆ ಕತೆ ಕಟ್ತಿದಾರೆ ಅಂದ್ಕೊಂಡೆ. ಚೆನ್ನಾಗಿ ಕಟ್ಟಿದೀರಿ, ಇನ್ನೊಂದ್ಸಲ ಹೇಳಿ ಅಂದೆ. ನಿಜ ಕಣೇ ಅಂತ ಮಗು ಮುಟ್ಟಿ ಆಣೆ ಇಟ್ರು. ನನ್ನ ಸಮಾಧಾನಕ್ಕೆ ಆಣೆ ಇಟ್ಟು ಸುಳ್ಳು ಹೇಳ್ತಾರಲ್ಲ, ನನ್ನ ಮೇಲೆ ಎಷ್ಟು ಪ್ರೀತಿ ಇರಬೇಕು ಅಂತ ನನಗೆ ಖುಷಿ." ಅವರು ಕ್ಯಾಮೆರಾವನ್ನು ಮತ್ತೆ ಕೈಗೆತ್ತಿಕೊಂಡರು. "ಅವರು ಹೋದ ಮೇಲೂ ಆ ಸುಳ್ಳನ್ನೇ ನೆನೆಸ್ಕೊಂಡು ಎಷ್ಟು ದಿನ ತಳ್ಳಿದೀನಿ. ಇಷ್ಟು ವರ್ಷ."

ಬೆರಳಿನಿಂದ ಪರದೆಯ ಮೇಲಿನ ಬಳೆಯನ್ನು ಮೆಲ್ಲಗೆ ಸುತ್ತಿದರು.

"ಸುಳ್ಳಲ್ಲವಲ್ಲೇ ಇದು."

"ಅಲ್ಲ ಅತ್ತೆ."

"ಕಂಡಿದ್ದನ್ನೇ ಹೇಳಿದಾರೆ. ಅಷ್ಟು ಮೇಲೆ ನಿಂತು ಇದನ್ನು ನೋಡಿ, ಓಡಿ ಬಂದು ನನಗೇ ಮೊದಲು ಹೇಳಿದಾರೆ."

ಅತ್ತೆಯ ಕಣ್ಣಲ್ಲಿ ನೀರಿತ್ತು, ಆದರೆ ಮುಖದಲ್ಲಿ ಇದ್ದದ್ದು ದುಃಖವಲ್ಲ. ಯಾರೋ ಬಾಗಿಲು ಬಡಿದು ಒಳಗೆ ಬಂದಾಗ ಇರುವಂಥ ಬೆರಗು. ಅಷ್ಟರಲ್ಲಿ ಪರದೆ ಮಬ್ಬಾಗಿ ಆರಿಹೋಯಿತು. ಅತ್ತೆ ಈ ಸಲ ಗುಂಡಿ ಒತ್ತಲು ಹೋಗಲಿಲ್ಲ.

"ಆಗ ಸೂರ್ಯ ಎಲ್ಲಿದ್ದ?" ಎಂದು ಕೇಳಿದರು.

"ನನ್ನ ಬೆನ್ನ ಹಿಂದೆ. ಸರಿಯಾಗಿ ಬೆನ್ನ ಹಿಂದೆ, ತಗ್ಗಿನಲ್ಲಿ."

ಸೊಸೆ ಬ್ಯಾಟರಿಯನ್ನು ಮತ್ತೆ ಚಾರ್ಜಿಗೆ ಹಾಕಿ ಚಹಾಕ್ಕೆ ನೀರಿಡಲು ಒಳಗೆ ಹೋದಳು. ಲೋಟಗಳನ್ನು ಹಿಡಿದು ಹಿಂತಿರುಗಿದಾಗ ಹೊಲಿಗೆ ಕೋಣೆಯ ಕಿಟಕಿಯಿಂದ ಸಂಜೆಯ ಬಿಸಿಲು ನೇರವಾಗಿ ಒಳಗೆ ಬೀಳುತ್ತಿತ್ತು. ಅತ್ತೆ ನೆಲದಿಂದ ಎದ್ದಿದ್ದರು. ಕಿಟಕಿಗೆ ಬೆನ್ನು ಮಾಡಿ, ಎರಡು ಕಾಲನ್ನೂ ಜೋಡಿಸಿ, ಆಗುವಷ್ಟು ನೆಟ್ಟಗೆ ನಿಂತಿದ್ದರು. ಎದುರಿನ ಗೋಡೆಯಲ್ಲಿ, ಮೊಳೆಗೆ ತೂಗುಹಾಕಿದ ಅರ್ಧ ಹೊಲಿದ ಅಂಗಿಗಳ ನಡುವೆ, ಅವರ ನೆರಳಿತ್ತು. ಅದನ್ನೇ ನೋಡುತ್ತ ಅವರು ತಲೆಯನ್ನು ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ, ಬಹಳ ಮೆಲ್ಲಗೆ ವಾಲಿಸಿದರು.

ಸೊಸೆ ಬಾಗಿಲಲ್ಲೇ ನಿಂತಳು. ಕೈಯಲ್ಲಿನ ಲೋಟಗಳ ಹಬೆ ಬಿಸಿಲಿನೊಳಗೆ ಹೋಗಿ ಸುರುಳಿ ಸುರುಳಿಯಾಗಿ ಮೇಲೇರುತ್ತಿತ್ತು.